ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊ: ಅಪ್ಪ ಅಮ್ಮನಿಗೆ ಟಿಕೆಟ್ ತೆಗೆಯುವ ಮುನ್ನ

ಸ್ಯಾನ್ ಫ್ರಾನ್ಸಿಸ್ಕೊ ಸುತ್ತಮುತ್ತಲ ಬೇ ಏರಿಯಾಗೆ ಬಂದ ಹೊಸ ಕುಟುಂಬಗಳು ನಮ್ಮ ಸಂಘದಲ್ಲಿ ಮೊದಲು ಕೇಳುವುದು ದಿನಸಿ ಅಂಗಡಿ ಎಲ್ಲಿ ಅಂತ. ಮನೆ ಒಂದು ಹದಕ್ಕೆ ಬಂದ ಮೇಲೆ ಇನ್ನೊಂದು ಪ್ರಶ್ನೆ. ಊರಿಂದ ಅಪ್ಪ ಅಮ್ಮನನ್ನು ಕರೆಸಬೇಕು, ಯಾವ ದಾರಿ ಒಳ್ಳೆಯದು?

ಬೆಂಗಳೂರಿನಿಂದ ಇಲ್ಲಿಗೆ ನೇರ ದೂರ ಸುಮಾರು 14,000 ಕಿಲೋಮೀಟರ್. ಭೂಮಿಯ ಹೆಚ್ಚುಕಡಿಮೆ ಆ ಬದಿ ಈ ಬದಿ. ಹಾಗಾಗಿಯೇ ದುಬೈ ಕಡೆಯಿಂದಲೂ ಬರಬಹುದು, ಸಿಂಗಾಪುರದ ಕಡೆಯಿಂದಲೂ ಬರಬಹುದು. 2021ರ ಜನವರಿಯಲ್ಲಿ ಏರ್ ಇಂಡಿಯಾ ಈ ಎರಡು ಊರುಗಳ ನಡುವೆ ನೇರ ವಿಮಾನ ಶುರು ಮಾಡಿದಾಗ, ಮೊದಲ ವಿಮಾನ ಉತ್ತರ ಧ್ರುವದ ಮೇಲಿಂದ ಹಾರಿ ಬೆಂಗಳೂರಿಗೆ ಇಳಿದಿತ್ತು. ಅದನ್ನು ನಡೆಸಿದ ಪೈಲಟ್‌ಗಳೆಲ್ಲ ಹೆಣ್ಣುಮಕ್ಕಳು. ಆದರೆ ನೇರ ವಿಮಾನವನ್ನೇ ನಂಬಿ ಯೋಜನೆ ಹಾಕಬೇಡಿ, ಅದು ಎಲ್ಲ ಕಾಲಕ್ಕೂ ಇರುವುದಿಲ್ಲ.

ಒಂದು ಕಡೆ ವಿಮಾನ ಬದಲಿಸಿದರೆ ಹೀಗೆ: ದುಬೈಗೆ ಸುಮಾರು 4 ಗಂಟೆ, ಅಲ್ಲಿಂದ 16. ಫ್ರಾಂಕ್‌ಫರ್ಟ್‌ಗೆ 10, ಅಲ್ಲಿಂದ 11 ಚಿಲ್ಲರೆ. ವಯಸ್ಸಾದವರಿಗೆ ಫ್ರಾಂಕ್‌ಫರ್ಟ್ ದಾರಿಯೇ ವಾಸಿ ಅನ್ನುವುದು ನನ್ನ ಅಭಿಪ್ರಾಯ. ನಡುದಾರಿಯಲ್ಲಿ ಇಳಿದು ಕಾಲು ಚಾಚಬಹುದು, 16 ಗಂಟೆ ಒಂದೇ ಸೀಟಿನಲ್ಲಿ ಕೂತರೆ ಕಾಲು ಊದುತ್ತದೆ.

ಕಾಯುವ ಹೊತ್ತು ಕಡಿಮೆ ಇದ್ದಷ್ಟೂ ಒಳ್ಳೆಯದು ಅಂತ ನಾನೂ ಅಂದುಕೊಂಡಿದ್ದೆ. ನಮ್ಮ ಅತ್ತೆ ಮಾವನಿಗೆ ಒಂದೂಕಾಲು ಗಂಟೆ ಅಂತರದ ಟಿಕೆಟ್ ತೆಗೆದೆ. ಮೊದಲ ವಿಮಾನ ತಡವಾಯಿತು, ಎರಡನೆಯದು ಹೊರಟೇಹೋಯಿತು. ಗೊತ್ತಿಲ್ಲದ ಊರಲ್ಲಿ ಇಬ್ಬರೂ ರಾತ್ರಿಯೆಲ್ಲ ಕುರ್ಚಿಯಲ್ಲಿ ಕೂತಿದ್ದರು. ನೆನೆದರೆ ಈಗಲೂ ಸಂಕಟವಾಗುತ್ತದೆ. ಮೂರು ಗಂಟೆಯಾದರೂ ಬಿಡಿ. ಇಡೀ ಪ್ರಯಾಣ ಒಂದೇ ಟಿಕೆಟ್‌ನಲ್ಲಿರಲಿ. ನಡೆಯಬಲ್ಲವರಾದರೂ ದೂರ ಓಡಾಡಲು ಕಷ್ಟವೆಂದರೆ, ಬುಕ್ ಮಾಡುವಾಗಲೇ ವೀಲ್‌ಚೇರ್ ಕೇಳಿ. ಸಂಕೋಚ ಬೇಡ. ಜೊತೆಗೆ ಬರುವ ಸಿಬ್ಬಂದಿಯೇ ಗೇಟಿನ ತನಕ ಕರೆದೊಯ್ಯುತ್ತಾರೆ, ಭಾಷೆಯ ಭಯ ಅರ್ಧ ಕಡಿಮೆಯಾಗುತ್ತದೆ. ಮಾತ್ರೆಗಳು ಕೈಚೀಲದಲ್ಲೇ ಇರಲಿ.

ಅಮೆರಿಕದೊಳಗೆ ವಿಮಾನ ಬದಲಿಸುವ ಟಿಕೆಟ್ ಹಿರಿಯರಿಗೆ ಬೇಡ. ಸಾಮಾನ್ಯವಾಗಿ ಮೊದಲು ಇಳಿದ ಊರಲ್ಲೇ ಇಮಿಗ್ರೇಷನ್ ಮುಗಿಸಿ, ಪೆಟ್ಟಿಗೆ ತೆಗೆದುಕೊಂಡು, ಕಸ್ಟಮ್ಸ್ ದಾಟಿ, ಮತ್ತೆ ಪೆಟ್ಟಿಗೆ ಕೊಡಬೇಕು. ಉಪ್ಪಿನಕಾಯಿ, ಚಟ್ನಿಪುಡಿ ಏನೇ ತಂದರೂ ತಿನ್ನುವ ಸಾಮಾನಿದೆ ಅಂತ ಹೇಳಿಬಿಡಲಿ.

ಇನ್ನು ನೀವು ಊರಿನ ಮದುವೆಗೆ ಹೊರಡುವಾಗ ದಿನದ ಲೆಕ್ಕ ತಪ್ಪಬೇಡಿ. ಬೇಸಿಗೆಯಲ್ಲಿ ಬೆಂಗಳೂರು ಇಲ್ಲಿಗಿಂತ ಹನ್ನೆರಡೂವರೆ ಗಂಟೆ ಮುಂದೆ. ನವೆಂಬರ್ ಮೊದಲ ಭಾನುವಾರದಿಂದ ಮಾರ್ಚ್ ಎರಡನೇ ಭಾನುವಾರದವರೆಗೆ ಹದಿಮೂರೂವರೆ. ಬೇಸಿಗೆಯ ಶುಕ್ರವಾರ ರಾತ್ರಿ 8ಕ್ಕೆ ಇಲ್ಲಿಂದ ಹೊರಟರೆ ಅಲ್ಲಿ ಆಗಲೇ ಶನಿವಾರ ಬೆಳಿಗ್ಗೆ ಎಂಟೂವರೆ. 22 ಗಂಟೆ ಪ್ರಯಾಣ ಅಂದರೂ ದೇವನಹಳ್ಳಿಯಲ್ಲಿ ಇಳಿಯುವಾಗ ಭಾನುವಾರ ಬೆಳಿಗ್ಗೆ ಆರೂವರೆ. ಶನಿವಾರದ ವರಪೂಜೆ ಮುಗಿದಿರುತ್ತದೆ, ಧಾರೆಗೂ ಓಡಬೇಕು. ಬುಧವಾರವೇ ಹೊರಡಿ.