ಬೆಂಚ್ ಫಾರ್ವರ್ಡ್‌ನನ್ನು ಫಸ್ಟ್ ಫೈವ್‌ಗೆ ತಂದಿದ್ದು: ನನ್ನ ಅನುಭವ

ನಾನು ಕೋಚ್ ಮಾಡುವ ಬ್ಯಾಸ್ಕೆಟ್‌ಬಾಲ್ ಟೀಮಿನ ಒಬ್ಬ ಹುಡುಗ ಸತತ 9 ಮ್ಯಾಚ್‌ಗಳಿಂದ ಫಸ್ಟ್ ಫೈವ್‌ನಲ್ಲಿ, ಅಂದರೆ ಮ್ಯಾಚ್ ಶುರು ಮಾಡುವ ಐವರಲ್ಲಿ, ಆಡುತ್ತಿದ್ದಾನೆ. ಅದಕ್ಕೇ ಈಗ ಬರೆಯುತ್ತಿದ್ದೇನೆ. ಹೋದ ವರ್ಷ ಮೈಸೂರಿನ ಗೆಳೆಯರೆಲ್ಲ ಒಂದೇ ಮಾತು ಹೇಳಿದ್ದರು: "ಅವನು ಬೆಂಚ್‌ಗೇ ಸರಿ, ಸುಮ್ನೆ ಹಾಳು ಮಾಡ್ಬೇಡಿ ಸಾರ್."

ಹುಡುಗ ಪವರ್ ಫಾರ್ವರ್ಡ್, ಅಂದರೆ ಬುಟ್ಟಿಯ ಹತ್ತಿರ ಆಡುವವನು, ಆರಡಿ ಮೂರಿಂಚು. ಬೆಂಚ್‌ನಿಂದ ಇಳಿದು 10-12 ನಿಮಿಷದಲ್ಲಿ 8 ಪಾಯಿಂಟ್, 5-6 ರಿಬೌಂಡ್ (ತಪ್ಪಿದ ಶಾಟ್‌ನ ಬಾಲ್ ಹಿಡಿಯುವುದು) ತರುತ್ತಿದ್ದ. 25 ನಿಮಿಷ ಕೊಟ್ಟರೆ ಎಲ್ಲ ಡಬಲ್ ಆಗುತ್ತದೆ ಅಂತ ಲೆಕ್ಕ ಹಾಕಿ ಒಂದು ಟೂರ್ನಮೆಂಟ್‌ನಲ್ಲಿ ಏಕಾಏಕಿ ಸ್ಟಾರ್ಟ್ ಮಾಡಿಸಿದೆ. ಹಾಫ್ ಟೈಮ್‌ಗೆ ಮುಂಚೆಯೇ 4 ಫೌಲ್. ಐದನೆಯದು, ಅಂದರೆ ಆಟದಿಂದಲೇ ಔಟ್, ಮೂರನೇ ಕ್ವಾರ್ಟರ್ ಶುರುವಾಗುತ್ತಿದ್ದ ಹಾಗೆ. ಸೋತೆವು. ಎಂಟ್ರಿ ಫೀ, ಟೆಂಪೋ ಟ್ರಾವೆಲರ್ ಬಾಡಿಗೆ, 12 ಜನರ ಊಟ ಎಲ್ಲ ಸೇರಿ 18 ಸಾವಿರದ ಹತ್ತಿರ ಹೋಯಿತು, ಅದರಲ್ಲಿ ಅರ್ಧ ನನ್ನ ಜೇಬಿನದು. ಹುಡುಗ ವಾಪಸ್ ಬರುವ ತನಕ ಬಾಯಿ ಬಿಡಲಿಲ್ಲ.

ಆಮೇಲೆ 900 ರೂಪಾಯಿಯ ಟ್ರೈಪಾಡ್ ತಂದು, ಹಳೆ ಫೋನ್ ಇಟ್ಟು ಮ್ಯಾಚ್‌ಗಳನ್ನು ರೆಕಾರ್ಡ್ ಮಾಡಿದೆ. ರಾತ್ರಿ ಕೂತು, ಎದುರು ಟೀಮಿನ ಫಸ್ಟ್ ಫೈವ್ ಅಂಕಣದಲ್ಲಿದ್ದ ನಿಮಿಷಗಳನ್ನು ಮಾತ್ರ ಬೇರೆ ಮಾಡಿ ನೋಡಿದೆ. ವಿಷಯ ಗೊತ್ತಾಗಿದ್ದು ಆಗ. ಅವನ ರಿಬೌಂಡ್‌ಗಳಲ್ಲಿ ಮುಕ್ಕಾಲು ಪಾಲು ಅವರ ಬೆಂಚ್ ಹುಡುಗರ ಮೇಲೆ ಬಂದಿದ್ದವು. ಒಳ್ಳೆ ಫಾರ್ವರ್ಡ್ ಎದುರಿಗಿದ್ದರೆ ಹೆಲ್ಪ್‌ಗೆ (ಜೊತೆಗಾರನನ್ನು ದಾಟಿ ಬಂದವನನ್ನು ತಡೆಯಲು) ಒಂದು ಹೆಜ್ಜೆ ತಡ, ಕಾಲು ತಲುಪದ ಕಡೆ ಕೈ ಹಾಕುತ್ತಿದ್ದ, ಫೌಲ್ ಬರುತ್ತಿದ್ದದ್ದು ಅದರಿಂದಲೇ.

ನಾನು ಮಾಡಿದ್ದು ಇಷ್ಟು. ಸ್ಟಾರ್ಟ್ ಕೊಡಲಿಲ್ಲ, ಮೂರನೇ ಕ್ವಾರ್ಟರ್‌ನ ಮೊದಲ 5 ನಿಮಿಷ ಕೊಟ್ಟೆ. ಹಾಫ್ ಟೈಮ್ ಮುಗಿಸಿ ಎದುರಿನವರ ಫಸ್ಟ್ ಫೈವ್ ದಣಿವಾರಿಸಿಕೊಂಡು ಬರುತ್ತದೆ, ನಮ್ಮ ಹುಡುಗನೂ ಮೈ ಆರಿದ ಮೇಲೆ ಇಳಿಯಬೇಕು. ಸ್ಟಾರ್ಟರ್‌ನ ಕೆಲಸ ಪೂರ್ತಿ ಅದೇ ಅಲ್ವಾ? ಕೆಟ್ಟರೆ ಸರಿ ಮಾಡಿಕೊಳ್ಳಲು ಇನ್ನೂ 15 ನಿಮಿಷ ಕೈಯಲ್ಲಿರುತ್ತದೆ. ಪಾಯಿಂಟ್ ಬರೆಯುವುದನ್ನೇ ಬಿಟ್ಟೆ. ಬಾಕ್ಸ್ ಔಟ್ (ರಿಬೌಂಡ್‌ಗೆ ಮೈ ಅಡ್ಡ ಇಟ್ಟು ಎದುರಾಳಿಯನ್ನು ತಡೆಯುವುದು) ಮಾಡಿದನಾ, ಹೆಲ್ಪ್‌ಗೆ ಬಾಲ್‌ಗಿಂತ ಮುಂಚೆ ತಲುಪಿದನಾ, ಎಷ್ಟು ಫೌಲ್, ಇವು ಮೂರೇ. ಮೊದಲ ಎರಡು ಮ್ಯಾಚ್ ಕೆಟ್ಟವು. ಮೂರನೆಯದರಿಂದ ಕಾಲು ಓಡತೊಡಗಿತು. 6 ಮ್ಯಾಚ್ ಆಗುವಷ್ಟರಲ್ಲಿ ಆ 5 ನಿಮಿಷದಲ್ಲಿ ಒಂದಕ್ಕಿಂತ ಜಾಸ್ತಿ ಫೌಲ್ ಇರಲಿಲ್ಲ. ಹೆಲ್ಪ್ ಬೇಗ ಬರಲಿ ಅಂತ ಪ್ರಾಕ್ಟೀಸ್‌ನಲ್ಲಿ ಒಂದು ಡ್ರಿಲ್ ಮಾಡಿಸುತ್ತೇನೆ. ಅದು ಇನ್ನೆರಡು ಸೀಸನ್ ನಮ್ಮಲ್ಲೇ ಇರಲಿ.

ನಡುವೆ ಒಂದು ತಿಂಗಳು ದಂಡವಾಯಿತು. ಕಾರ್ನರ್‌ನಲ್ಲಿ ಮೂರು ಪಾಯಿಂಟ್ ಗೆರೆ ಬುಟ್ಟಿಯಿಂದ 6.60 ಮೀಟರ್ ತಾನೇ, ಅಲ್ಲಿಂದ ಶಾಟ್ ಕಲಿಸೋಣ ಅಂತ ದಿನಾ 100 ಶಾಟ್ ಹಾಕಿಸಿದೆ. 25 ದಾಟಲಿಲ್ಲ, ಭುಜ ನೋವು ಬಂತು, ಬಿಟ್ಟೆ. ಲೈನ್ ರನ್ (ಅಂಕಣದ ಗೆರೆಯಿಂದ ಗೆರೆಗೆ ಓಟ) ಓಡಿಸಿ ಏದುಸಿರಿನಲ್ಲೇ 10 ಫ್ರೀ ಥ್ರೋ ಹಾಕಿಸಿದ್ದು ಮಾತ್ರ ಫಲ ಕೊಟ್ಟಿತು. 4 ಬೀಳುತ್ತಿದ್ದದ್ದು 7 ಆಯಿತು.

ಅನುಮಾನ ಪಟ್ಟವರಿಗೆ ನಾನು ಅಮೆರಿಕದ ಎನ್‌ಬಿಎ ಲೀಗ್‌ನ ಆಟಗಾರ ಡ್ರೇಮಂಡ್ ಗ್ರೀನ್ ಹೆಸರು ಹೇಳುತ್ತಿದ್ದೆ. 2012ರ ಡ್ರಾಫ್ಟ್‌ನಲ್ಲಿ (ಟೀಮ್‌ಗಳು ಸರದಿಯಲ್ಲಿ ಹೊಸಬರನ್ನು ಆರಿಸಿಕೊಳ್ಳುವುದು) 35ನೆಯವನು. 2014ರಲ್ಲಿ ಸ್ಟಾರ್ಟರ್ ಡೇವಿಡ್ ಲೀ ಗಾಯಗೊಂಡಾಗ ವಾರಿಯರ್ಸ್ ಟೀಮ್ ಗ್ರೀನ್‌ನನ್ನು ಸ್ಟಾರ್ಟ್ ಮಾಡಿಸಿತು, 2015ರಲ್ಲಿ ಚಾಂಪಿಯನ್ ಆಯಿತು. ಲೀ ವಾಸಿಯಾಗಿ ಬಂದರೂ ಜಾಗ ಗ್ರೀನ್‌ದೇ. ಅವನನ್ನು ಉಳಿಸಿದ್ದು ಪಾಯಿಂಟ್ ಅಲ್ಲ, ಡಿಫೆನ್ಸ್.

ಕಷ್ಟವಾಗಿದ್ದು ನಮ್ಮ ಹಳೆ ಸ್ಟಾರ್ಟರ್ ವಿಷಯ. ನಾಲ್ಕು ವರ್ಷ ಟೀಮ್ ಹೊತ್ತವನು. ಜಾಗ ಹುಡುಗನಿಗೆ ಅಂತ ಹೇಳಿದ ಮೇಲೆ ಎರಡು ದಿನ ಪ್ರಾಕ್ಟೀಸ್‌ಗೆ ಬರಲಿಲ್ಲ, ಮನೆಗೇ ಹೋದೆ, ಅವರಮ್ಮ ಕಾಫಿ ಕೊಟ್ಟರು. ಏನು ಮಾತಾಡಿದೆವು ಅನ್ನುವುದು ನಮ್ಮಿಬ್ಬರಲ್ಲೇ ಇರಲಿ. ಮೂರನೇ ದಿನ ಬಂದ, ಈಗ ಹುಡುಗನಿಗೆ ಪೋಸ್ಟ್‌ನಲ್ಲಿ (ಬುಟ್ಟಿ ಹತ್ತಿರದ ಜಾಗ) ಕಾಲಿಡುವುದನ್ನು ಅವನೇ ಹೇಳಿಕೊಡುತ್ತಾನೆ.

ಇದೆಲ್ಲ ಆದ ಮೇಲಿನ ಮೊದಲ ಸ್ಟಾರ್ಟ್‌ನಲ್ಲಿ ಹುಡುಗ 28 ನಿಮಿಷ ಆಡಿದ. 11 ಪಾಯಿಂಟ್, 9 ರಿಬೌಂಡ್, 3 ಫೌಲ್. ನಿಮಿಷ ಜಾಸ್ತಿಯಾಗಿ ಎರಡೇ ತಿಂಗಳಿಗೆ ಶೂ ಸೋಲ್ ಕಿತ್ತುಬಂತು, ಹೊಸದಕ್ಕೆ ಆರೂವರೆ ಸಾವಿರ ಕೊಟ್ಟೆ. ಬರುವ ತಿಂಗಳಿಂದ ಇನ್ನೊಬ್ಬ ಹುಡುಗನಿಗೆ ಮೂರನೇ ಕ್ವಾರ್ಟರ್ ಶುರು ಮಾಡುತ್ತಿದ್ದೇನೆ. ಅವನಿಗಿನ್ನೂ 17.