ರಾಗಿ ಹುಲ್ಲಿನ ದಿಂಬಿನ ಮೇಲೆ ಬಾಬಿನ್ ಲೇಸ್: ಮೊದಲ ಪಟ್ಟಿ ಹೆಣೆಯುವ ಬಗೆ

ಸೂಜಿ, ಮಗ್ಗಗಳಿಲ್ಲದೆ, ಬಾಬಿನ್ ಎಂಬ ಪುಟ್ಟ ಕಡ್ಡಿಗಳಿಗೆ ಸುತ್ತಿದ ಎಳೆಗಳನ್ನು ದಿಂಬಿನ ಮೇಲೆ ಜಡೆಯಂತೆ ಹೆಣೆದು, ಗುಂಡುಸೂಜಿಗಳಿಂದ ಹಿಡಿದಿಟ್ಟು ಮಾಡುವ ಜಾಲರಿಯೇ ಬಾಬಿನ್ ಲೇಸ್. 16ನೇ ಶತಮಾನದಲ್ಲಿ ಇಟಲಿ ಮತ್ತು ಈಗಿನ ಬೆಲ್ಜಿಯಂ ಕಡೆಯ ಫ್ಲಾಂಡರ್ಸ್‌ಗಳಲ್ಲಿ ಬೆಳೆದ ಈ ಕಲೆಯನ್ನು 19ನೇ ಶತಮಾನದಲ್ಲಿ ಮಿಷನರಿಗಳು ಈಗಿನ ತಮಿಳುನಾಡಿನ ನಾಗರಕೋವಿಲ್‌ಗೆ ತಂದರು. ರೇಷ್ಮೆಯ ಊರಾದ ಶಿಡ್ಲಘಟ್ಟದಲ್ಲಿ ಇದನ್ನು ಕಲಿಯಬಯಸುವವರು ರೇಷ್ಮೆಯಿಂದ ಆರಂಭಿಸಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಸೆರಗಿನ ಕುಚ್ಚಿಗೆ ಬಳಸುವ ನುಣುಪಾದ ಎಳೆ ಜಾರುತ್ತದೆ, ಎರಡು ಸಲ ಬಿಚ್ಚಿ ಹೆಣೆದರೆ ಬಿರಿಯುತ್ತದೆ. ಬಿಗಿಯಾಗಿ ಹುರಿ ಮಾಡಿದ ಹತ್ತಿಯ ಕ್ರೋಶಾ ದಾರ ಕಲಿಯುವವರ ತಪ್ಪುಗಳನ್ನು ತಾಳಿಕೊಳ್ಳುತ್ತದೆ.

ದಿಂಬು ಮೆತ್ತಗಿದ್ದರೆ ಕೆಲಸ ಕೆಡುತ್ತದೆ. ಸಣ್ಣಗೆ ಕತ್ತರಿಸಿದ ಒಣ ರಾಗಿ ಹುಲ್ಲನ್ನೋ ಮರದ ಪುಡಿಯನ್ನೋ ದಪ್ಪ ಬಟ್ಟೆಯ ಚೀಲಕ್ಕೆ, ಚುಚ್ಚಿದ ಸೂಜಿ ಅಲುಗದೆ ನಿಲ್ಲುವಷ್ಟು ಒತ್ತೊತ್ತಾಗಿ ತುಂಬಬೇಕು. ತುಕ್ಕಿನ ಕಲೆ ಲೇಸಿಗೆ ಅಂಟದಂತೆ ಹಿತ್ತಾಳೆಯ ಅಥವಾ ತುಕ್ಕು ಹಿಡಿಯದ ಸ್ಟೀಲಿನ ಗುಂಡುಸೂಜಿಗಳನ್ನು ಬಳಸಬೇಕು. ಬಾಬಿನ್ ಸಿಗದಿದ್ದರೆ ಪೆನ್ಸಿಲ್ ದಪ್ಪದ, ಸುಮಾರು 10 ಸೆಂ.ಮೀ. ಉದ್ದದ ಮರದ ಕಡ್ಡಿಗಳ ತುದಿಯಲ್ಲಿ ಕತ್ತು ಕೊರೆದರೆ ಸಾಕು.

ಗ್ರಾಫ್ ಹಾಳೆಯನ್ನು ರಟ್ಟಿಗೆ ಅಂಟಿಸಿ, 2 ಸೆಂ.ಮೀ. ಅಗಲದ ಪಟ್ಟಿಯ ಎರಡೂ ಅಂಚುಗಳಲ್ಲಿ 5 ಮಿ.ಮೀ.ಗೊಂದು ರಂಧ್ರವನ್ನು, ಎಡಬಲದವು ಎದುರುಬದುರಾಗದಂತೆ, ಚುಚ್ಚಿಕೊಳ್ಳಿ. ಒಂದೇ ದಾರದ ಎರಡು ತುದಿಗಳನ್ನು ಎರಡು ಕಡ್ಡಿಗಳಿಗೆ ಸುತ್ತಿದರೆ ಒಂದು ಜೋಡಿ. ಉದ್ದಕ್ಕೆ ಇಳಿಯುವ ಆರು ಜೋಡಿಗಳಿಗೆ ತಲಾ 1 ಮೀಟರ್ ದಾರ ಸಾಕು. ಅಡ್ಡಡ್ಡ ಓಡಾಡುವ ಏಳನೆಯ ಜೋಡಿಗೆ, 10 ಸೆಂ.ಮೀ. ಉದ್ದದ ಪಟ್ಟಿಗಾದರೂ, 3 ಮೀಟರ್ ಬೇಕು. ಇದಕ್ಕೆ ಬೇರೆ ಬಣ್ಣದ ದಾರವಿದ್ದರೆ ತಪ್ಪು ಥಟ್ಟನೆ ಕಣ್ಣಿಗೆ ಬೀಳುತ್ತದೆ. ರಟ್ಟನ್ನು ದಿಂಬಿನ ಮೇಲೆ ಸೂಜಿಗಳಿಂದ ನಿಲ್ಲಿಸಿ, ಪಟ್ಟಿಯ ಮೇಲಂಚಿನಲ್ಲಿ ಚುಚ್ಚಿದ ಸೂಜಿಗಳಿಗೆ ಏಳೂ ಜೋಡಿಗಳನ್ನು ನೇತುಹಾಕಿ.

ಚಲನೆಗಳು ಎರಡೇ. ಎರಡು ಜೋಡಿಗಳ ನಾಲ್ಕು ಕಡ್ಡಿಗಳನ್ನು ಎಡದಿಂದ ಎಣಿಸಿದಾಗ, ಎರಡನೆಯದನ್ನು ಮೂರನೆಯದರ ಮೇಲೆ ದಾಟಿಸುವುದು ಮೊದಲನೆಯ ಚಲನೆ; ಎರಡನೆಯದನ್ನು ಒಂದನೆಯದರ ಮೇಲೂ, ನಾಲ್ಕನೆಯದನ್ನು ಮೂರನೆಯದರ ಮೇಲೂ ತಿರುಚುವುದು ಇನ್ನೊಂದು. ಎಣಿಕೆ ಕಡ್ಡಿಗಳದ್ದಲ್ಲ, ಸ್ಥಾನಗಳದ್ದು; ಪ್ರತಿ ಚಲನೆಯ ನಂತರ ಹೊಸದಾಗಿ ಎಣಿಸಬೇಕು. ದಾಟು, ತಿರುಚು, ದಾಟು ಎಂದು ಹೆಣೆದರೆ ಬಟ್ಟೆಯಂಥ ಒತ್ತು ನೇಯ್ಗೆ. ದಾಟು, ತಿರುಚು ಎಂದಷ್ಟಕ್ಕೇ ನಿಲ್ಲಿಸಿದರೆ ಬಲೆಯಂಥ ತೆಳು ನೇಯ್ಗೆ.

ಮೊದಲ ಪಟ್ಟಿಗೆ ಒತ್ತು ನೇಯ್ಗೆಯೇ ಸರಿ. ಓಡಾಡುವ ಜೋಡಿ ಆರನ್ನೂ ದಾಟಿ ಅಂಚು ತಲುಪಿದಾಗ ಅದನ್ನು ಎರಡು ಬಾರಿ ತಿರುಚಿ, ಅದರ ಒಳಮಗ್ಗುಲಿಗೆ ಸೂಜಿಯನ್ನು ತುಸು ಹೊರಕ್ಕೆ ಬಾಗಿಸಿ ಚುಚ್ಚಿ, ಎಳೆಗಳನ್ನು ಹದವಾಗಿ ಎಳೆದು, ಜೋಡಿಯನ್ನು ಸೂಜಿಯ ಸುತ್ತ ತಂದು ಹಿಂದಕ್ಕೆ ಹೆಣೆಯಬೇಕು. ಸೂಜಿಗಳು ಸಾಲದಾದಾಗ ಮೇಲಿನವನ್ನು ಕೀಳಬಹುದು; ಕೆಲಸ ನಡೆಯುವಲ್ಲಿಂದ ಐದಾರು ಸೆಂ.ಮೀ. ಒಳಗಿನವನ್ನು ಮಾತ್ರ ಮುಟ್ಟಬೇಡಿ.