ಮದುವೆಗೆ ಹೊರಟ ದಾರಿಯಲ್ಲಿ ಕಾರ್ಲಾ

ಬೇಸಿಗೆಯಲ್ಲಿ ಗುಹೆ, ಕೋಟೆ ಅಂತ ಮನೆಮಂದಿಯನ್ನೆಲ್ಲ ಕರೆದುಕೊಂಡು ಹೋಗಬೇಡಿ, ಮಳೆಗಾಲ ಮುಗಿದ ಮೇಲೆ ಹೋಗಿ ಅಂತ ಪುಣೆಯಲ್ಲಿ ಎಲ್ಲರೂ ಹೇಳುತ್ತಾರೆ. ಮಾತು ಸರಿಯೇ. ಆದರೆ ನಮ್ಮಂಥ ಮನೆಗಳಿಗೆ ಬೇರೆ ಟೈಮ್ ಎಲ್ಲಿ ಸಿಗುತ್ತದೆ? ನಾವಿರುವುದು ಪುಣೆಯ ಕೋಥ್ರೂಡ್‌ನಲ್ಲಿ, ತಂಗಿ ಇರುವುದು ಧಾರವಾಡದಲ್ಲಿ. ಅವಳ ಮಕ್ಕಳಿಗೆ ಏಪ್ರಿಲ್‌ನಲ್ಲೇ ರಜೆ ಶುರು, ಮೇ ಮುಗಿಯುವಷ್ಟರಲ್ಲಿ ಶಾಲೆಯೂ ಶುರು. ನನ್ನ ಮಗಳ ರಜೆ ಜೂನ್ ಮಧ್ಯದವರೆಗೆ ಇರುತ್ತದೆ, ಆದರೆ ಶುರುವಾಗುವುದೇ ತಡವಾಗಿ. ಎರಡೂ ಮನೆಯ ಮಕ್ಕಳು ಒಟ್ಟಿಗೆ ಸಿಗುವುದು ಮೇ ತಿಂಗಳಲ್ಲಿ ಮಾತ್ರ. ಹಾಗಾಗಿ ಮೇನಲ್ಲೇ ಹೇಗೆ ಹೋಗಬಹುದು ಅಂತ ಯೋಚಿಸಿದೆ.

ಈ ಸಲ ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ನಮ್ಮ ಸೋದರಮಾವನ ಮಗಳ ಮದುವೆ ಇತ್ತು. ತಂಗಿ, ಅವಳ ಗಂಡ, ಮಕ್ಕಳು, ಜೊತೆಗೆ ಅವ್ವ, ಎಲ್ಲರೂ ಮೊದಲು ನಮ್ಮ ಮನೆಗೆ ಬಂದು ಅಲ್ಲಿಂದ ಒಟ್ಟಿಗೆ ಹೋಗುವುದು ಅಂತ ಮಾತಾಯಿತು. ಹೇಗೂ ಗಾಡಿ ಮಾಡಿಸುತ್ತೇವೆ, ಹೇಗೂ ಲೋಣಾವಳಾ ದಾಟಿಯೇ ಹೋಗಬೇಕು. ದಾರಿಯಲ್ಲಿ ಅರ್ಧ ದಿನ ಯಾಕೆ ನಿಲ್ಲಬಾರದು ಅನ್ನಿಸಿತು.

ಮೊದಲು ಒಂದಷ್ಟು ಜಾಗಗಳನ್ನು ಕೈಬಿಟ್ಟೆ. ಭಾವ ಎಲ್ಲೋರಾ ಅಂದರು. ರಾಷ್ಟ್ರಕೂಟರ ಕೃಷ್ಣ ಕಟ್ಟಿಸಿದ ಕೈಲಾಸ ದೇವಾಲಯವನ್ನು ಕನ್ನಡದ ಮಕ್ಕಳು ನೋಡಲೇಬೇಕು, ಒಪ್ಪುತ್ತೇನೆ. ಆದರೆ ಅದು ದಾರಿಯಲ್ಲಿ ನಿಂತು ನೋಡಿ ಹೋಗುವ ಜಾಗ ಅಲ್ಲ. ಪುಣೆಯಿಂದ ಇನ್ನೂರೈವತ್ತು ಕಿಲೋಮೀಟರ್ ಹತ್ತಿರ ಆಗುತ್ತದೆ. ಮೇನಲ್ಲಿ ಅಲ್ಲಿ ನಲವತ್ತು ಡಿಗ್ರಿ ದಾಟುವ ಬಿಸಿಲು. ಆ ಅಂಗಳದಲ್ಲಿ ಮಧ್ಯಾಹ್ನ ಅವ್ವನನ್ನು ನಿಲ್ಲಿಸುವ ಮಾತೇ ಇಲ್ಲ. ಮಗಳು ಎಲಿಫಂಟಾ ಅಂದಳು. ಮುಂಬೈಯ ಗೇಟ್‌ವೇಯಿಂದ ಬೋಟಿನಲ್ಲಿ ಸುಮಾರು ಒಂದು ತಾಸು, ಮೇಲೆ ಮತ್ತೆ ಮೆಟ್ಟಿಲು, ವಾಪಸ್ ಬರಲು ಇನ್ನೊಂದು ತಾಸು. ಮದುವೆ ಮನೆಗೆ ಹೋಗುವ ದಿನಕ್ಕೆ ಅದು ಹೊಂದುವುದಿಲ್ಲ. ಬೊರಿವಲಿಯ ಕಾನ್ಹೇರಿ ನನಗೆ ತುಂಬಾ ಇಷ್ಟದ ಜಾಗ. ಆದರೆ ಅಲ್ಲಿ ನೂರಕ್ಕೂ ಜಾಸ್ತಿ ಗುಹೆಗಳು ಬಂಡೆಯ ಮೇಲೆಲ್ಲ ಹರಡಿವೆ. ಬಿಸಿಲಿಗೆ ಕಾದ ಬಂಡೆ ಮೇಲೆ ಚಿಕ್ಕವರನ್ನು ಓಡಾಡಿಸುವುದು ಕಷ್ಟ.

ಉಳಿದದ್ದು ಕಾರ್ಲಾ ಮತ್ತು ಭಾಜೆ, ಬಂಡೆ ಕೊರೆದು ಮಾಡಿದ ಹಳೇ ಬೌದ್ಧ ಗುಹೆಗಳು. ಎರಡೂ ಲೋಣಾವಳಾಕ್ಕೆ ಸ್ವಲ್ಪ ಮೊದಲೇ ಸಿಗುತ್ತವೆ, ಹಳೇ ಮುಂಬೈ-ಪುಣೆ ರಸ್ತೆಯ ಆಚೆಗೊಂದು, ಈಚೆಗೊಂದು. ಎಲ್ಲರೂ ಎರಡನ್ನೂ ಒಂದೇ ದಿನ ನೋಡುತ್ತಾರೆ. ನಾನು ಒಂದನ್ನೇ ಇಟ್ಟುಕೊಂಡೆ. ಬೇಸಿಗೆಯಲ್ಲಿ ನಮ್ಮ ಕೈಯಲ್ಲಿರುವುದು ಬೆಳಗಿನ ಮೂರು ತಾಸು, ಅಷ್ಟೇ. ಅದನ್ನು ಎರಡು ಗುಡ್ಡಕ್ಕೆ ಹಂಚಿದರೆ ಎರಡನೇ ಗುಡ್ಡವನ್ನು ಉರಿಬಿಸಿಲಲ್ಲಿ ಹತ್ತಬೇಕಾಗುತ್ತದೆ. ಆಮೇಲೆ ಮಕ್ಕಳ ತಲೆಯಲ್ಲಿ ಉಳಿಯುವುದು ಬಾಯಾರಿಕೆ ಮಾತ್ರ.

ಕಾರ್ಲಾ ಆರಿಸಿದ್ದಕ್ಕೆ ಮುಖ್ಯ ಕಾರಣ ಅದು ಪಶ್ಚಿಮಕ್ಕೆ ಮುಖ ಮಾಡಿರುವುದು. ಬೇಸಿಗೆ ಪ್ರವಾಸ ಪ್ಲಾನ್ ಮಾಡುವವರು ಹೋಟೆಲ್ ಹುಡುಕುವ ಮೊದಲು ಇದನ್ನು ನೋಡಬೇಕು ಅಂತ ನನ್ನ ಅಭಿಪ್ರಾಯ. ಗುಹೆ ಯಾವ ದಿಕ್ಕಿಗೆ ತೆರೆದಿದೆ? ಪಶ್ಚಿಮಕ್ಕೆ ತೆರೆದಿದ್ದರೆ ಬೆಳಗ್ಗೆ ಸೂರ್ಯ ಗುಡ್ಡದ ಬೆನ್ನಿಗಿರುತ್ತಾನೆ, ಬಾಗಿಲಿನ ಕಡೆ ನೆರಳು. ಮಧ್ಯಾಹ್ನದ ಮೇಲೆ ಅದೇ ಜಾಗಕ್ಕೆ ಬಿಸಿಲು ನೇರವಾಗಿ ಹೊಡೆಯುತ್ತದೆ. ಫೋಟೋ ತೆಗೆಯುವವರು ಸಂಜೆಯೇ ಚೆನ್ನ ಅನ್ನುತ್ತಾರೆ, ಯಾಕೆಂದರೆ ದೊಡ್ಡ ಕಮಾನಿನ ಕಿಟಕಿಯಿಂದ ಬೆಳಕು ಒಳಗೆ ಬರುತ್ತದೆ. ಮನೆಮಂದಿ ಜೊತೆ ಹೋಗುವವರಿಗೆ ಬೆಳಕಿಗಿಂತ ನೆರಳು ಮುಖ್ಯ ಅಲ್ವಾ? ಒಂದು ಬ್ಯಾಟರಿ ಜೊತೆಗಿದ್ದರೆ ಸಾಕು.

ಇನ್ನೊಂದು ಅನುಕೂಲ ಏಕವೀರಾ ದೇವಿ. ಮುಂಬೈ ಕಡೆಯ ಕೋಳಿ ಅನ್ನುವ ಮೀನುಗಾರ ಜನರು ನಡೆದುಕೊಳ್ಳುವ ಈ ದೇವಿಯ ಗುಡಿ ಗುಹೆಯ ಬಾಯಲ್ಲೇ ಇದೆ. ಗುಹೆಗೆ ಟಿಕೆಟ್ ಕೊಡುವುದು 9 ಗಂಟೆಗೆ. ಗುಡಿ ಬೆಳಗಿನ ಜಾವವೇ ತೆರೆಯುತ್ತದೆ. ತಂಪಿರುವಾಗಲೇ ಮೆಟ್ಟಿಲು ಹತ್ತಿ, ದರ್ಶನ ಮುಗಿಸಿ, ಟಿಕೆಟ್ ಕಿಟಕಿ ತೆರೆಯುತ್ತಿದ್ದಂತೆ ಒಳಗೆ ಹೋಗುವುದು ಅಂತ ಲೆಕ್ಕ ಹಾಕಿದೆ. ದೇವಿಯ ದರ್ಶನ ಅಂದಮೇಲೆ ಅವ್ವನೂ ಗಟ್ಟಿಯಾಗಿ ಬೇಡ ಅನ್ನಲಿಲ್ಲ. ದಿನ ನೋಡಿಕೊಂಡು ಹೋಗಬೇಕು, ಅದು ಮಾತ್ರ ಮುಖ್ಯ. ಚೈತ್ರ ನವರಾತ್ರಿಯ ಜಾತ್ರೆ ಹೊತ್ತಿಗೆ, ಭಾನುವಾರ, ಮಂಗಳವಾರ ಅಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಮದುವೆ ಶುಕ್ರವಾರ ಇದ್ದದ್ದರಿಂದ ನಮಗೆ ಗುರುವಾರ ಸಿಕ್ಕಿತು.

ಆದರೂ ಹಿಂದಿನ ರಾತ್ರಿ ಅವ್ವ ಶುರು ಮಾಡಿದಳು. "ಅಷ್ಟ್ ಮೆಟ್ಟಲಾ ಏರೂದು ನನ್ನ ಕಡಿಂದ ಆಗೂದಿಲ್ಲವಾ. ನೀವು ಹೋಗಿ ಬರ್ರಿ, ನಾ ಗಾಡ್ಯಾಗ ಕೂಡ್ತೀನಿ." ಆಗ ನಾನು ಭೂತಪಾಲನ ವಿಷಯ ತೆಗೆದೆ. ಕಾರ್ಲಾದ ಚೈತ್ಯದ, ಅಂದರೆ ಸ್ತೂಪ ಇರುವ ದೊಡ್ಡ ಪ್ರಾರ್ಥನಾ ಗುಹೆಯ, ಮುಂಭಾಗದ ಗೋಡೆಯ ಮೇಲೆ ಬ್ರಾಹ್ಮಿ ಲಿಪಿಯಲ್ಲಿ ಒಂದು ಶಾಸನ ಇದೆ. ಜಂಬೂದ್ವೀಪದಲ್ಲೇ ಶ್ರೇಷ್ಠವಾದ ಈ ಕಲ್ಲಿನ ಮನೆಯನ್ನು ವೈಜಯಂತಿಯ ಶೆಟ್ಟಿ ಭೂತಪಾಲ ಪೂರ್ತಿ ಮಾಡಿಸಿದ ಅಂತ ಅದರ ಅರ್ಥ. ವೈಜಯಂತಿ ಅಂದರೆ ನಮ್ಮ ಬನವಾಸಿ ಅಂತ ಬಹಳ ವಿದ್ವಾಂಸರು ಹೇಳುತ್ತಾರೆ. ಅವ್ವನ ತವರು ಶಿರಸಿ ಕಡೆ. ಚಿಕ್ಕಂದಿನಿಂದ ಮಧುಕೇಶ್ವರನ ತೇರು ನೋಡಿದವಳು. ಒಂದು ಕ್ಷಣ ಸುಮ್ಮನಿದ್ದು, "ಬನವಾಸಿ ಶೆಟ್ರು ಇಲ್ಲೀತನಕ ಬಂದಿದ್ರ?" ಅಂದಳು. ಇವತ್ತಿನ ರಸ್ತೆಯಲ್ಲೇ ಬನವಾಸಿಯಿಂದ ಕಾರ್ಲಾಕ್ಕೆ 500 ಕಿಲೋಮೀಟರಿಗೂ ಜಾಸ್ತಿ. ಕದಂಬರಿಗಿಂತ ಎಷ್ಟೋ ಮೊದಲು, ಸುಮಾರು ಎರಡು ಸಾವಿರ ವರ್ಷದ ಹಿಂದೆ ಆ ಮನುಷ್ಯ ಬಂದು ಹಣ ಸುರಿದಿದ್ದಾನೆ. ಬೆಳಗ್ಗೆ ಎಲ್ಲರಿಗಿಂತ ಮೊದಲು ತಯಾರಾಗಿ ಕೂತಿದ್ದವಳು ಅವ್ವನೇ.

ಹೊರಡುವ ಮೊದಲು ಕಟ್ಟಿಕೊಂಡದ್ದು ಇಷ್ಟು: ತೆಳುವಾದ ಚಪಾತಿ, ಶೇಂಗಾ ಚಟ್ನಿಪುಡಿ, ಸೌತೆಕಾಯಿ, ಮೊಸರನ್ನ. ಬೇಸಿಗೆಯಲ್ಲಿ ಮೊಸರನ್ನ ಮಧ್ಯಾಹ್ನದ ಹೊತ್ತಿಗೆ ಹುಳಿಯಾಗದಂತೆ ಅನ್ನಕ್ಕೆ ಹಾಲನ್ನೇ ಜಾಸ್ತಿ ಹಾಕಿ, ಒಂದೇ ಚಮಚ ಮೊಸರು ಕಲಸಿದೆ. ತಲೆಗೆ ಒಂದು ಲೀಟರಿನಂತೆ ನೀರು, ಅದರ ಮೇಲೆ ಗಾಡಿಯಲ್ಲಿ ದೊಡ್ಡ ಕ್ಯಾನ್. ನಿಂಬೆಹಣ್ಣು, ಉಪ್ಪು-ಸಕ್ಕರೆಯ ಪುಡಿ ಬೆರೆಸಿದ ಡಬ್ಬಿ. ಟೋಪಿಗಿಂತ ಕೊಡೆ ವಾಸಿ, ಒಂದು ಕೊಡೆಯ ಕೆಳಗೆ ಅಜ್ಜಿ-ಮೊಮ್ಮಗ ಇಬ್ಬರೂ ನಡೆಯಬಹುದು. ಒದ್ದೆ ಮಾಡಿ ಕುತ್ತಿಗೆಗೆ ಹಾಕಿಕೊಳ್ಳಲು ಹಳೇ ಹತ್ತಿ ಪಂಚೆ ಹರಿದು ತುಂಡು ಮಾಡಿದ್ದೆ. ಅದರಷ್ಟು ಉಪಯೋಗಕ್ಕೆ ಬಂದದ್ದು ಇನ್ನೊಂದಿಲ್ಲ.

ಬೆಳಗ್ಗೆ 6ಕ್ಕೆ ಬಿಟ್ಟೆವು. ಎಕ್ಸ್‌ಪ್ರೆಸ್‌ವೇ ಹಿಡಿಯಬೇಡಿ ಅಂತ ಡ್ರೈವರಿಗೆ ಮೊದಲೇ ಹೇಳಿದ್ದೆ. ನಿಗಡಿ, ದೇಹೂ ರೋಡ್, ತಳೇಗಾಂವ್, ಕಾಮಶೇತ್ ಮೇಲೆ ಹಳೇ ರಸ್ತೆಯಲ್ಲೇ ಹೋದರೆ ಕಾರ್ಲಾ ಫಾಟಾ, ಅಂದರೆ ಕಾರ್ಲಾ ಕ್ರಾಸ್, ಸಿಗುತ್ತದೆ, ಅಲ್ಲಿಂದ ಬಲಕ್ಕೆ. ಫಾಟಾದ ಹೋಟೆಲಿನಲ್ಲಿ ಚಹಾ ಕುಡಿದು, ಎಲ್ಲರೂ ಅಲ್ಲೇ ಬಾತ್‌ರೂಮಿಗೆ ಹೋಗಿ ಬಂದೆವು. ಹೆಂಗಸರು, ಮಕ್ಕಳು ಜೊತೆಗಿದ್ದಾಗ ಇದನ್ನು ಕೆಳಗೇ ಮುಗಿಸುವುದು ಒಳ್ಳೆಯದು. ಗಾಡಿ ಗುಡ್ಡದ ಅರ್ಧದವರೆಗೆ ಹೋಗುತ್ತದೆ. ಉಳಿದದ್ದು ಮೆಟ್ಟಿಲು.

ಮೆಟ್ಟಿಲ ಎರಡೂ ಬದಿ ಹೂವು, ಕಾಯಿ, ಬಳೆ, ಚಿಕ್ಕಿ ಮಾರುವ ಅಂಗಡಿಗಳು. ಅವುಗಳ ತಾಡಪಾಲು ಸುಮಾರು ಕಡೆ ದಾರಿಗೂ ನೆರಳು ಕೊಡುತ್ತದೆ. ಅವ್ವನಿಗೆ ನಾನು ಮೊದಲೇ ಹೇಳಿದ್ದೆ, ಎಲ್ಲಿ ಬೇಕೋ ಅಲ್ಲಿ ಕೂಡು, ನಮಗೆ ಅವಸರ ಇಲ್ಲ ಅಂತ. ಹೂವಿನ ಅಂಗಡಿಯ ಹೆಂಗಸರು ತಾವಾಗಿಯೇ "ಬಸಾ ಆಜಿ" (ಕೂಡಿ ಅಜ್ಜಿ) ಅಂತ ಸ್ಟೂಲು ಸರಿಸಿದರು. ಕೂಡುತ್ತಾ ಏಳುತ್ತಾ ಅವ್ವ ಪೂರ್ತಿ ಹತ್ತಿದಳು. ಕೈಯಲ್ಲಿ ತಿಂಡಿ ಪೊಟ್ಟಣ, ಕಾಯಿ ಹಿಡಿದುಕೊಂಡು ನಡೆಯಬೇಡಿ, ಮಂಗಗಳು ಕಾದಿರುತ್ತವೆ. ಎಲ್ಲವನ್ನೂ ಚೀಲದೊಳಗೆ ಹಾಕಿ ಜಿಪ್ ಎಳೆಯಿರಿ.

ಗುಹೆಗೆ ನಾವು ಹೋದಾಗ ದೊಡ್ಡವರಿಗೆ 25 ರೂಪಾಯಿ ಟಿಕೆಟ್ ಇತ್ತು. ಹದಿನೈದು ವರ್ಷದೊಳಗಿನವರಿಗೆ ಟಿಕೆಟ್ ಇಲ್ಲ.

ಒಳಗೆ ಕಾಲಿಟ್ಟ ಕೂಡಲೇ ಮೈಗೆ ತಂಪು ತಾಗುತ್ತದೆ. ಹೊರಗಿನ ಬೆಳಕಿನಿಂದ ಬಂದ ಕಣ್ಣಿಗೆ ಮೊದಲು ಏನೂ ಕಾಣುವುದಿಲ್ಲ. ಆಗ ನಡೆಯಬೇಡಿ. ಬಾಗಿಲ ಹತ್ತಿರವೇ ಗೋಡೆಗೆ ಒರಗಿ ಎರಡು ನಿಮಿಷ ನಿಲ್ಲಿ. ನಿಧಾನವಾಗಿ ಕಂಬಗಳು ಒಂದೊಂದಾಗಿ ಕಾಣಲು ಶುರುವಾಗುತ್ತವೆ, ಕೊನೆಯಲ್ಲಿ ಸ್ತೂಪ, ಆಮೇಲೆ ತಲೆ ಎತ್ತಿದರೆ ಚಾವಣಿಯ ಪಕ್ಕೆಲುಬುಗಳು. ಸುಮಾರು 38 ಮೀಟರ್ ಉದ್ದದ, 14 ಮೀಟರ್ ಎತ್ತರದ ಹಾಲ್ ಇದು. ಹೊರಗಿನಿಂದ ಕಲ್ಲು ತಂದು ಕಟ್ಟಿದ್ದಲ್ಲ, ಗುಡ್ಡವನ್ನೇ ಕೊರೆದು ಮಾಡಿದ್ದು.

ಮಕ್ಕಳಿಗೆ ನಾನು ಇತಿಹಾಸ ಹೇಳಲು ಹೋಗಲಿಲ್ಲ. ಕಂಬ ಎಣಿಸಿ ಅಂದೆ. ಎಡಕ್ಕೆ 15, ಬಲಕ್ಕೆ 15, ಸ್ತೂಪದ ಹಿಂದೆ ಸುತ್ತಿಕೊಂಡು 7, ಒಟ್ಟು 37. ಹಿಂದಿನ ಏಳು ಕಂಬ ಯಾಕೆ ಬೇರೆ ಥರ ಇವೆ ಅಂತ ತಂಗಿಯ ಮಗ ತಾನೇ ಬಂದು ಕೇಳಿದ. ನಿಜ, ಅವು ಎಂಟು ಮೂಲೆಯ ಬರೀ ಕಂಬಗಳು. ಉಳಿದವಕ್ಕೆ ಕೆಳಗೆ ಕೊಡ, ಮೇಲೆ ಮೊಣಕಾಲೂರಿದ ಆನೆಗಳು, ಆನೆಯ ಮೇಲೆ ಜೋಡಿ ಜೋಡಿಯಾಗಿ ಕೂತ ಜನ. ಪಕ್ಕದ ಓಣಿಗೆ ಹೋಗಿ ಅದೇ ಕಂಬವನ್ನು ಹಿಂದಿನಿಂದ ನೋಡಿ ಅಂದೆ. ಅಲ್ಲಿ ಆನೆ ಇಲ್ಲ, ಕುದುರೆ! ಇದನ್ನು ಕಂಡುಹಿಡಿದ ಮೇಲೆ ಅವರು ಪ್ರತಿಯೊಂದು ಕಂಬದ ಹಿಂದೆ ಮುಂದೆ ಓಡಾಡಿದರು. ನಾನು ಬ್ಯಾಟರಿ ಹಿಡಿದುಕೊಂಡು ಅವರ ಹಿಂದೆ.

ನನ್ನ ಮನಸ್ಸು ಹಿಡಿದಿಟ್ಟದ್ದು ಮರ. ಚಾವಣಿಗೆ ಹೊಂದಿಕೊಂಡ ಬಾಗಿದ ತೊಲೆಗಳು ಕಲ್ಲಿನವಲ್ಲ, ನಿಜವಾದ ಮರದವು. ಆ ಕಾಲದಲ್ಲೇ ಕೂರಿಸಿದ್ದು. ಸ್ತೂಪದ ಮೇಲಿನ ಛತ್ರಿಯೂ ಮರದ್ದೇ. ಕಲ್ಲಿನ ಚಾವಣಿಗೆ ಆ ತೊಲೆಗಳ ಆಸರೆ ಬೇಕಾಗಿಲ್ಲ. ಮರದ ಹಾಲ್ ಕಟ್ಟಿ ರೂಢಿಯಾದ ಕೈಗಳು ಬಂಡೆ ಕೊರೆಯುವಾಗಲೂ ಆ ರೂಪವನ್ನು ಬಿಡಲಿಲ್ಲ. ಮುಂಗಾರಿನಲ್ಲಿ ಲೋಣಾವಳಾ ಸುತ್ತ ಸುರಿಯುವ ಮಳೆ ಎಂಥದ್ದು ಅಂತ ನಮಗೆ ಗೊತ್ತು, ಪುಣೆಯ ನಮ್ಮ ಮನೆಯ ಕಿಟಕಿಯ ಚೌಕಟ್ಟೇ ಉಬ್ಬಿಕೊಳ್ಳುತ್ತದೆ. ಅಷ್ಟು ಮಳೆಗಾಲ ಕಳೆದ ಮರ ಇನ್ನೂ ಮೇಲೆ ನಿಂತಿದೆ. ನಾನು ಆ ಮರದ ಕೆಳಗೆ ಎಷ್ಟು ಹೊತ್ತು ನಿಂತರೂ ಸಾಕಾಗಲಿಲ್ಲ.

ಕಂಬಗಳ ಮೇಲೂ ಅಲ್ಲಲ್ಲಿ ಬರಹ ಇದೆ. ಒಬ್ಬನೇ ರಾಜ ಮಾಡಿಸಿದ್ದಲ್ಲ ಇದು. ಧೇನುಕಾಕಟ ಅನ್ನುವ ಊರಿನಿಂದ ಬಂದ ಹಲವರು ಒಂದೊಂದು ಕಂಬ ದಾನ ಮಾಡಿದ್ದಾರೆ, ಅವರಲ್ಲಿ ಕೆಲವರು ಯವನರು, ಅಂದರೆ ಗ್ರೀಕ್ ಮೂಲದವರು ಅನ್ನುತ್ತಾರೆ. ಪಶ್ಚಿಮ ಭಾರತ ಆಳಿದ ಕ್ಷತ್ರಪ ರಾಜ ನಹಪಾನನ ಅಳಿಯ ಉಷವದಾತ ಇಲ್ಲಿಯ ಭಿಕ್ಷುಗಳಿಗೆ ಊರೊಂದನ್ನು ಬಿಟ್ಟುಕೊಟ್ಟ ಶಾಸನವೂ ಇದೆ. ಭಾವ ಬ್ಯಾಂಕಿನಲ್ಲಿ ಕೆಲಸ ಮಾಡುವವರು, ಅವರಿಗೆ ಈ ದಾನದ ಲೆಕ್ಕ ಬಹಳ ಹಿಡಿಸಿತು.

ಅವ್ವನನ್ನು ಮೊಗಸಾಲೆಯ ಎಡತುದಿಗೆ ಕರೆದುಕೊಂಡು ಹೋದೆ. ಅಲ್ಲಿ ಗೋಡೆಯಿಂದ ಎದ್ದು ಬಂದಂತೆ ಮೂರು ದೊಡ್ಡ ಆನೆಗಳಿವೆ, ಎದುರು ತುದಿಯಲ್ಲೂ ಮೂರು. ಭೂತಪಾಲನ ಶಾಸನ ಈ ಕಡೆಯದು. ಅಕ್ಷರ ನಮಗಾರಿಗೂ ಓದಲು ಬರುವುದಿಲ್ಲ. ಆದರೂ ಅವ್ವ ಕನ್ನಡಕ ಸರಿಮಾಡಿಕೊಂಡು ಸಾಲಿನ ಉದ್ದಕ್ಕೂ ಕಣ್ಣಾಡಿಸಿದಳು. "ಎಷ್ಟ್ ಸಣ್ಣದಾಗಿ ಬರಸ್ಯಾನ ನೋಡು, ಇಷ್ಟ್ ದೊಡ್ಡ ಕೆಲಸಾ ಮಾಡಿ" ಅಂದಳು. ನನಗೂ ಅದು ಹೊಳೆದಿರಲಿಲ್ಲ.

ಹತ್ತೂವರೆಗೆ ಇಳಿಯಲು ಶುರು ಮಾಡಿದೆವು. ಮಕ್ಕಳಿಗೆ ಇನ್ನೂ ಇರಬೇಕು ಅನ್ನಿಸುತ್ತಿತ್ತು, ಅಷ್ಟರಲ್ಲೇ ಹೊರಡುವುದು ನನಗೆ ಬೇಕಾಗಿತ್ತು. ಅಷ್ಟು ಹೊತ್ತಿಗೆ ಕೆಳಗಿನ ಬಯಲು ಬಿಳಿಬಿಳಿ ಉರಿಯುತ್ತಿತ್ತು. ಇಳಿಯುವಾಗ ಮೊಣಕಾಲು ಜಾಸ್ತಿ ನೋಯುತ್ತದೆ, ಅವ್ವನ ಒಂದು ಬದಿ ತಂಗಿ, ಇನ್ನೊಂದು ಬದಿ ಗೋಡೆ ಇರುವಂತೆ ನೋಡಿಕೊಂಡೆವು. ಬಿಸಿಲಿಂದ ಬಂದ ಕೂಡಲೇ ಐಸ್ ನೀರು ಯಾರಿಗೂ ಕೊಡಲಿಲ್ಲ. ಮೊದಲು ಕುತ್ತಿಗೆಗೆ ಒದ್ದೆ ಬಟ್ಟೆ, ಆಮೇಲೆ ನಿಂಬೆ ಪಾನಕ. ರಸ್ತೆ ಬದಿ ಊರ ಹೆಂಗಸರು ಎಲೆಯ ದೊನ್ನೆಯಲ್ಲಿ ಕವಳಿಹಣ್ಣು, ನೇರಳೆ ಇಟ್ಟುಕೊಂಡು ಕೂತಿದ್ದರು. ಮೇನಲ್ಲಿ ಈ ಕಡೆ ಬಂದವರು ಅದನ್ನು ಬಿಟ್ಟು ಹೋಗಬಾರದು. ಅವ್ವ ಕವಳಿಹಣ್ಣಿಗೆ ಉಪ್ಪು ಹಚ್ಚಿ ಎಲ್ಲರಿಗೂ ಹಂಚಿದಳು.

ಊಟ ಫಾಟಾದ ಹತ್ತಿರ ಒಂದು ಮಾವಿನ ಮರದ ಕೆಳಗೆ. ಲೋಣಾವಳಾ ಊರೊಳಗೆ ಹೋಗದೆ ಎಕ್ಸ್‌ಪ್ರೆಸ್‌ವೇ ಹಿಡಿದೆವು. ವಾರದ ನಡುವಿನ ದಿನ, ಘಾಟಿಯಲ್ಲಿ ಗಾಡಿ ಕಡಿಮೆ. ಘಾಟಿ ಇಳಿಯುತ್ತಿದ್ದಂತೆ ಸೆಖೆ ಬೇರೆ ಥರದ್ದು, ಬೆವರು ನಿಲ್ಲುವುದಿಲ್ಲ. ಆ ಹೊತ್ತಿಗೆ ಎಸಿ ಗಾಡಿಯೊಳಗೆ ಇರುವಂತೆ ಮೊದಲೇ ಟೈಮ್ ಇಟ್ಟುಕೊಂಡದ್ದು ಒಳ್ಳೆಯದಾಯಿತು. ಮಕ್ಕಳು ಡೊಂಬಿವಲಿವರೆಗೂ ನಿದ್ದೆ ಮಾಡಿದರು, ಸಂಜೆ ಮೆಹಂದಿ ಹೊತ್ತಿಗೆ ಎಲ್ಲರೂ ಗೆಲುವಾಗಿದ್ದರು.

ಭಾಜೆಯನ್ನು ಡಿಸೆಂಬರಿಗೆ ಇಟ್ಟುಕೊಂಡಿದ್ದೇನೆ. ಅದು ಕಾರ್ಲಾಕ್ಕಿಂತ ಹಳೆಯದು, ಕ್ರಿಸ್ತಪೂರ್ವ 2ನೇ ಶತಮಾನದ್ದು. ಅಲ್ಲಿ ಹದಿನಾಲ್ಕು ಚಿಕ್ಕ ಸ್ತೂಪಗಳು ಒಂದೇ ಕಡೆ ಗುಂಪಾಗಿವೆ, ದಕ್ಷಿಣದ ಕೊನೆಯ ವಿಹಾರದಲ್ಲಿ (ಭಿಕ್ಷುಗಳು ಇರುತ್ತಿದ್ದ ಗುಹೆ) ರಥದ ಸೂರ್ಯ ಮತ್ತು ಆನೆಯ ಮೇಲಿನ ಇಂದ್ರನ ಕೆತ್ತನೆ ಇದೆ. ಅದಕ್ಕೆ ಗಾಡಿಯೂ ಬೇಡ. ಪುಣೆಯಿಂದ ಲೋಣಾವಳಾ ಲೋಕಲ್ ಹತ್ತಿ, ಕಾಮಶೇತ್ ಆದಮೇಲೆ ಮಳವಲಿಯಲ್ಲಿ ಇಳಿದು, ಎಕ್ಸ್‌ಪ್ರೆಸ್‌ವೇಯ ಮೇಲಿನ ಸೇತುವೆ ದಾಟಿ ನಡೆದರೆ ಆಯಿತು. ಮಧ್ಯಾಹ್ನ ವಾಪಸ್ ಬರುವ ಲೋಕಲ್ ಕಡಿಮೆ, ಅದರ ಟೈಮ್ ಮಾತ್ರ ಹೊರಡುವ ಮೊದಲೇ ಬರೆದಿಟ್ಟುಕೊಳ್ಳಿ.